ಕಣಿವೆಯಲ್ಲಿ ಅಕ್ಕ ಎತ್ತಿದ ಸುತ್ತಿಗೆ

ನನ್ನ ಭಾವನಿಗೆ ಬೆಟ್ಟ ಹತ್ತುವ ಹುಚ್ಚು. ಭಾನುವಾರ ಬಂದರೆ ತುರಹಳ್ಳಿಯ ಬಂಡೆಗಳ ಮೇಲಿರುತ್ತಿದ್ದ. ಜೆ.ಪಿ. ನಗರದ ಅವರ ಮನೆಯ ಅಟ್ಟದ ತುಂಬ ಹಗ್ಗ, ಟೆಂಟು, ಸೀಮೆಎಣ್ಣೆ ಸ್ಟೌವು. ಆಫೀಸಿನಲ್ಲಿ ಎಲ್ಲರಿಗೂ ಬೇಕಾದವನು. ಮನೆಯಲ್ಲಿ ಅಕ್ಕನನ್ನು ಹೊಡೆಯುತ್ತಿದ್ದ. ಅಕ್ಕ ಹತ್ತಿರದ ಸ್ಕೂಲಿನಲ್ಲಿ ಗಣಿತದ ಟೀಚರು. ಕೆನ್ನೆ ಊದಿದ ದಿನ ಬಾತ್‌ರೂಮಿನಲ್ಲಿ ಜಾರಿದೆ ಎನ್ನುತ್ತಿದ್ದಳು. ಮೊದಮೊದಲು ನನಗೂ ಅದನ್ನೇ ಹೇಳಿದ್ದಳು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನಾಗ ಜರಗನಹಳ್ಳಿಯಲ್ಲಿ ಬಾಡಿಗೆಗಿದ್ದು, ಜಯನಗರದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ದಸರಾ ರಜೆಗೆ ಸ್ಪಿತಿಗೆ ಹೋಗಬೇಕೆಂದು ಭಾವ ತೀರ್ಮಾನಿಸಿದ. ಹಿಮಾಲಯದ ಬೆನ್ನಿಗಿರುವ, ಮಳೆ ಕಾಣದ ಮರಳುಗಾಡಿನ ಕಣಿವೆ ಅದು. ಅಕ್ಕ ಫೋನ್ ಮಾಡಿ, "ನೀನೂ ಬಾರೇ, ಪ್ಲೀಸ್" ಎಂದಳು. ಅವನ ಜೊತೆ ಒಬ್ಬಳೇ ಅಷ್ಟು ದೂರ ಹೋಗಲು ಅವಳಿಗೆ ಹೆದರಿಕೆಯಿತ್ತು. ಅಂಗಡಿಗೆ ರಜೆ ಹಾಕಿ ಹೊರಟೆ.

ಬಸ್ಸಿಳಿದ ಊರಿನಲ್ಲಿ ಸಾಮಾನು ಹೊರಲು ಎರಡು ಕತ್ತೆಗಳನ್ನೂ ಅವುಗಳ ಯಜಮಾನನನ್ನೂ ಗೊತ್ತುಮಾಡಿಕೊಂಡು ನಡೆಯತೊಡಗಿದೆವು. ಎಲ್ಲೂ ಒಂದು ಮರವಿಲ್ಲ. ಬೂದುಬಣ್ಣದ ಗುಡ್ಡಗಳು, ಮೇಲಿಂದ ಆಗಾಗ ಕಲ್ಲು ಉರುಳುವ ಸದ್ದು. ಮಧ್ಯಾಹ್ನವಾದರೆ ಗಾಳಿ ಎದ್ದು ಮರಳನ್ನು ಮುಖಕ್ಕೆ ರಾಚುತ್ತಿತ್ತು. ತುಟಿ ಒಡೆದು ಉಗುಳಿನಲ್ಲಿ ರಕ್ತದ ರುಚಿ ಬರುತ್ತಿತ್ತು. ಅಲ್ಲಿಗೆ ಬಂದ ಮೇಲೆ ಭಾವ ಹೆಚ್ಚು ಮಾತಾಡಲಿಲ್ಲ. ಅಕ್ಕ ನಿಧಾನವಾಗಿ ನಡೆದರೆ ಅವಳ ಬೆನ್ನಿನ ಬ್ಯಾಗನ್ನು ಹಿಂದಿನಿಂದ ಕೈಯಲ್ಲಿ ಗುದ್ದುತ್ತಿದ್ದ.

ಒಂದು ಮಧ್ಯಾಹ್ನ ಟೆಂಟು ಹಾಕಬೇಕಿದ್ದ ಕಡೆ ತೊರೆ ಬತ್ತಿಹೋಗಿತ್ತು. ಕತ್ತೆಯವನು ನೀರು ಹುಡುಕುತ್ತ ಕೆಳಗಿಳಿದು ಹೋದ. ನಮ್ಮಲ್ಲಿ ಉಳಿದದ್ದು ಒಂದು ಕ್ಯಾನ್ ನೀರು. ನಾವು ಟೆಂಟು ಕಟ್ಟುತ್ತಿದ್ದಾಗಲೇ ಗಾಳಿ ಎದ್ದಿತು. ಹಗ್ಗ ಅಕ್ಕನ ಕೈ ತಪ್ಪಿತು, ಟೆಂಟು ಹಾರಿ ಬಡಿದು, ಮುಚ್ಚಳ ತೆರೆದಿದ್ದ ಕ್ಯಾನು ಉರುಳಿತು. ನೋಡನೋಡುತ್ತಲೇ ನೀರು ಮರಳಿಗಿಳಿಯಿತು.

"ಒಂದು ಹಗ್ಗ ಹಿಡ್ಕೊಳ್ಳಕ್ಕಾಗಲ್ವೇನೇ ನಿಂಗೆ?" ಎನ್ನುತ್ತ ಭಾವ ಅವಳ ಕೆನ್ನೆಗೆ ಬಾರಿಸಿದ. ಅಕ್ಕ ಕಲ್ಲುಗಳ ಮೇಲೆ ಬಿದ್ದಳು. ಬೂಟುಗಾಲಿನಲ್ಲಿ ಅವಳ ಪಕ್ಕೆಗೆ ಒದ್ದ. ನಾನು ಅವನ ಜಾಕೆಟ್ ಹಿಡಿದು ಎಳೆದೆ. ತಿರುಗಿ ನನ್ನನ್ನು ನೂಕಿದ ರಭಸಕ್ಕೆ ನನ್ನ ಹಣೆ ಕಲ್ಲಿಗೆ ಬಡಿದು ಒಡೆದು ಕಣ್ಣಿಗೆ ರಕ್ತ ಇಳಿಯಿತು.

ಅಕ್ಕ ಎದ್ದಾಗ ಅವಳ ಕೈಯಲ್ಲಿ ಗೂಟ ಹೊಡೆಯುವ ಸುತ್ತಿಗೆ ಇತ್ತು. ಅವನು ಇನ್ನೊಂದು ಏಟಿಗೆ ಕೈ ಎತ್ತಿದ್ದ. ಆ ಕೈಗೇ ಬೀಸಿದಳು. ಗಾಳಿಯ ಮೊರೆತದಲ್ಲೂ ಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. ಅವನು ಕುಸಿದ. ಭುಜಕ್ಕೆ ಹೊಡೆದಳು. ಮತ್ತೆ ಸುತ್ತಿಗೆ ಎತ್ತಿದಾಗ ಅವಳ ಕಣ್ಣು ಅವನ ತಲೆಯ ಮೇಲಿತ್ತು. ನಾನು ಓಡಿಹೋಗಿ ಅವಳ ಸೊಂಟ ತಬ್ಬಿದೆ.

"ಬಿಡೇ!"

"ಸತ್ತೋಗ್ತಾನೆ ಅಕ್ಕ!"

"ಸಾಯ್ಲಿ."

ಆದರೂ ಅವಳ ಮೈ ಸಡಿಲಾಯಿತು. ಸುತ್ತಿಗೆ ಕೆಳಗೆ ಬಿತ್ತು. ಭಾವ ವಾಂತಿ ಮಾಡಿಕೊಂಡು "ನೀರು, ನೀರು" ಎಂದು ನರಳಿದ. ಕೊಡಲು ನೀರಿರಲಿಲ್ಲ. ಅಕ್ಕ ತನ್ನ ದುಪಟ್ಟಾ ಹರಿದು ಅವನ ಮುರಿದ ಕೈಗೆ ಕಟ್ಟಿದಳು. ಕಟ್ಟುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಂಜೆ ಕತ್ತೆಯವನು ನೀರು ತಂದ. ಬೆಳಗ್ಗೆ ಭಾವನನ್ನು ಕತ್ತೆಯ ಮೇಲೆ ಕೂರಿಸಿ ವಾಪಸ್ ಹೊರಟೆವು. ಕತ್ತೆ ಎಡವಿದಾಗಲೆಲ್ಲ ಅವನು ಕಿರುಚುತ್ತಿದ್ದ. ಅಕ್ಕ ಪಕ್ಕೆ ಹಿಡಿದುಕೊಂಡು ಮುಂದೆ ನಡೆಯುತ್ತಿದ್ದಳು. ಊರಿನ ಆಸ್ಪತ್ರೆಯಲ್ಲಿ ಭಾವ ಬಂಡೆಯಿಂದ ಬಿದ್ದೆ ಎಂದ. ಡಾಕ್ಟರು ತಲೆಯಾಡಿಸಿದರು. ಅಕ್ಕ ಹಿಂದಿಯಲ್ಲಿ ನೇರವಾಗಿ ಹೇಳಿದಳು: "ಇಲ್ಲ ಡಾಕ್ಟರ್, ಬಿದ್ದಿಲ್ಲ. ಇವರು ನನ್ನನ್ನು ಹೊಡೆದರು, ನಾನು ಸುತ್ತಿಗೆಯಲ್ಲಿ ಹೊಡೆದೆ. ನನ್ನ ಪಕ್ಕೆಯನ್ನೂ ನೋಡಿ." ಮದುವೆಯಾದ ಮೇಲೆ ಅವಳು ಹೊರಗಿನವರೊಬ್ಬರಿಗೆ ನಿಜ ಹೇಳಿದ್ದು ಅದೇ ಮೊದಲು.

ಬೆಂಗಳೂರಿನಲ್ಲಿ ರೈಲಿಳಿದಾಗ ಭಾವ ಆಟೋ ನಿಲ್ಲಿಸಿ "ಹತ್ತು" ಎಂದ. ಅಕ್ಕ ಹತ್ತಲಿಲ್ಲ. ನನ್ನ ಜೊತೆ ಜರಗನಹಳ್ಳಿಗೆ ಬಂದಳು. ಕೆಲವು ದಿನಗಳ ಮೇಲೆ ಅವನು ಪ್ಲಾಸ್ಟರಿನ ಕೈಯಲ್ಲೇ ಬಂದು ಗೇಟಿಗೆ ಒದ್ದ, ಇನ್ನೊಂದು ಕೈಯಲ್ಲಿ ತುಳಸಿ ಕುಂಡ ಎತ್ತಿ ಕಿಟಕಿಗೆ ಎಸೆದ. ಗಾಜಿನ ಚೂರು ಒಳಗೆಲ್ಲ ಸಿಡಿಯಿತು. ಓನರ್ ಆಂಟಿ ಹೊರಗೆ ಬಂದು, "ಹೆಣ್ಮಕ್ಕಳಿರೋ ಮನೆ ಮುಂದೆ ಏನ್ರೀ ಇದು? ಪೊಲೀಸ್ರನ್ನ ಕರೀಲಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಅಕ್ಕ ಮೆಟ್ಟಿಲ ಮೇಲೆ ಬಂದು ನಿಂತಳು. ಅವಳನ್ನು ಕಂಡದ್ದೇ ಅವನು ಎರಡು ಹೆಜ್ಜೆ ಹಿಂದೆ ಸರಿದ. ಬೈಯದೆ ತಿರುಗಿ ಹೋದ.

ಡೈವೋರ್ಸಿಗೆ ವರ್ಷಗಳು ಹಿಡಿದವು. ಆಮೇಲೆ ನಾವಿಬ್ಬರೂ ಅಂಜನಾಪುರದಲ್ಲಿ ಮನೆ ಮಾಡಿದೆವು. ನೆಂಟರ ಪೈಕಿ ಯಾರಾದರೂ ಅವಳ ಧೈರ್ಯವನ್ನು ಹೊಗಳಿದರೆ ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು. ಒಮ್ಮೆ ಅವಳು ಬಟ್ಟೆ ಮಡಚುತ್ತಿದ್ದಾಗ ಯಾಕೆಂದು ಕೇಳಿದೆ.

"ಆ ಮೂಳೆ ಮುರಿದ ಸದ್ದು ನಂಗೆ ಇಷ್ಟ ಆಯ್ತು ಕಣೇ," ಎಂದಳು. "ಅದನ್ನ ಯಾರಿಗೆ ಹೇಳ್ಲಿ?"

ಅವಳ ಪಕ್ಕದಲ್ಲಿ ಕೂತು ಉಳಿದ ಬಟ್ಟೆ ಮಡಚಿದೆ.