ಬಾಟಲಿಯ ಮೊಗ್ಗು, ಬೇಲಿಯ ಮೊಗ್ಗು

ಗಂಟಲ ಕ್ಯಾನ್ಸರಿಗೆ ಕರೆಂಟು ಕೊಡಿಸಿಕೊಂಡು ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪನಿಗೆ ರುಚಿಯೇ ತಿಳಿಯದಾಯಿತು. ಮುದ್ದೆಯೂ ಮಣ್ಣು, ಬಸ್ಸಾರೂ ಮಣ್ಣು. ಹೇಗಾದರೂ ತಿನ್ನಿಸಿ ಎಂದಿದ್ದರು ಡಾಕ್ಟರು. ಅಪ್ಪ ಮಾತ್ರ ಸೊರಗುತ್ತಲೇ ಇದ್ದ.

ಶ್ರೀರಂಗಪಟ್ಟಣದ ಹತ್ತಿರದ ರೆಸಾರ್ಟೊಂದರಲ್ಲಿ ಅಡುಗೆ ಮಾಡುವ ಚಿಕ್ಕಪ್ಪ, ನೋಡಲು ಬಂದವನು ಒಂದು ಪುಟ್ಟ ಬಾಟಲಿ ಕೊಟ್ಟ. ಉಪ್ಪುನೀರಿನಲ್ಲಿ ಬಟಾಣಿಗಿಂತ ಚಿಕ್ಕ ಹಸಿರು ಮೊಗ್ಗುಗಳು. ಕೇಪರ್ ಅಂತೆ. ಎರಡು ಬಾಯಿಗೆ ಹಾಕಿಕೊಂಡ ಅಪ್ಪ ಮುಖ ಕಿವಿಚಿದ.

"ಉಪ್ಪು ಕಣವ್ವ! ಉಪ್ಪು ಗೊತ್ತಾಯ್ತದೆ!"

ಅವತ್ತು ಅರ್ಧ ಮುದ್ದೆ ಒಳಗಿಳಿಯಿತು. ಬಾಟಲಿ ತಳ ಕಾಣತೊಡಗಿದಾಗ ಅವ್ವ ಅದನ್ನು ಬೆಳಕಿಗೆ ಹಿಡಿದಳು.

"ನಮ್ಮ ದೇವಲಾಪುರದ ಹೊಲದ ಬೇಲೀಲಿ ಐತಲ್ಲ ಮುಳ್ಗಿಡ, ಅದರ ಮೊಗ್ಗೇ ಇದು."

"ಅಲ್ಲ ಕಣವ್ವ. ಇದು ಇಟಲಿ, ಮೊರಾಕ್ಕೋ ಕಡೇದು. ಕಲ್ಲುಗೋಡೆ ಸಂದೀಲೆಲ್ಲ ಬೆಳೀತದೆ. ಹೂ ಅರಳೋಕ್ಮುಂಚೆ ಮೊಗ್ಗು ಕಿತ್ತು ಉಪ್ಪಲ್ಲಿ ಇಡ್ತಾರೆ. ನಮ್ಮ ಗಿಡ ಅದಕ್ಕೆ ದಾಯಾದಿ, ಅಷ್ಟೇಯ."

"ದಾಯಾದಿ ಅಂದ್ರೆ ಒಂದೇ ರಕ್ತ ತಾನೇ?"

ಅಂದವಳೇ ಮೊರ ಹಿಡಿದು ಹೊರಟೇಬಿಟ್ಟಳು.

ಕೈಯೆಲ್ಲ ತರಚಿಕೊಂಡು ಕಿತ್ತು ತಂದ ಮೊಗ್ಗುಗಳನ್ನು ಮಾವಿನ ಮಿಡಿಯ ಹಾಗೆಯೇ ಜಾಡಿಯಲ್ಲಿ ಉಪ್ಪು ಹಾಕಿಟ್ಟಳು. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದಾಗ ನಾನು ಹೇಳಿದೆ: "ಮೊದಲು ನೀನು ರುಚಿ ನೋಡು."

"ಜಾಡಿ ಮುಂದೆ ಕೂತು ಎಂಜಲು ಮಾಡ್ತಾರೇನೇ? ಪೂರ್ತಿ ಕೆಟ್ಟೋಯ್ತದೆ."

"ಬೇರೆ ಚಮಚದಲ್ಲಿ ತಕ್ಕಂಡ್ರೆ ಎಂಜಲು ಎಲ್ಲಿಂದ ಬರ್ತದೆ?"

"ನಿನ್ನ ವಾದ ಕೆ.ಆರ್. ಪೇಟೆ ಕಾಲೇಜಲ್ಲಿ ಮಡಿಕೋ. ಮೊದಲು ಯಜಮಾನ್ರು ತಿನ್ಲಿ."

ಎಂಜಲಿನ ಲೆಕ್ಕಾಚಾರ ನೋಡಿ: ಇಡೀ ಮನೆಯಲ್ಲಿ ನಾಲಿಗೆ ಕಳೆದುಕೊಂಡವನೊಬ್ಬನೇ ಈಗ ಉಪ್ಪಿನಕಾಯಿಯ ಪರೀಕ್ಷಕ.

ಅಪ್ಪ ಒಂದನ್ನು ನಿಧಾನ ಅಗಿದ. ಅವ್ವ ಸೌಟು ಹಿಡಿದೇ ನಿಂತಿದ್ದಳು. "ಉಪ್ಪು ಆಗೈತಾ?"

ಅವನು ಅವಳತ್ತ ನೋಡಲಿಲ್ಲ, ನನ್ನತ್ತ ನೋಡಿದ. ನಾನೂ ಒಂದು ಬಾಯಿಗೆ ಹಾಕಿಕೊಂಡೆ. ಕಹಿ, ದವಡೆ ಬಿಗಿಯುವಂಥ ಕಹಿ. ಉಪ್ಪು ಎಲ್ಲೋ ಅಡಗಿತ್ತು. ವಾದ ಗೆಲ್ಲಲು ಬೇಕಾದ ಸಾಕ್ಷಿ ಬಾಯಿಯೊಳಗೇ ಇತ್ತು.

"ಹೇಳಿ ಮತ್ತೆ," ಎಂದಳು ಅವ್ವ, ಗೀರುಬಿದ್ದ ಕೈಯನ್ನು ಸೆರಗಿಗೆ ಒರೆಸುತ್ತ.

ಅಪ್ಪ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ.

"ಆಗೈತೆ," ಅಂದೆ.

"ಊಂ, ಆಗೈತೆ," ಅಂದ ಅಪ್ಪ.

ಅವ್ವ ಇನ್ನೊಂದು ಸೌಟು ಬಡಿಸಿದಳು.