ಶೇಂಗಾ ರೀಲು

ಎಲ್ಲರನ್ನೂ ಕ್ಷಮಿಸಿಬಿಟ್ಟಿದ್ದೇನೆ ಎಂದು ಹೇಳಿಕೊಂಡು ಓಡಾಡುವವರನ್ನು ಕಂಡರೆ ನನಗಾಗದು. ಒಬ್ಬ ಮನುಷ್ಯನ ಮೇಲಿನ ಸಿಟ್ಟನ್ನು ನಾನು ಹದಿಮೂರನೆಯ ವಯಸ್ಸಿನಿಂದ ಉಪ್ಪಿನಕಾಯಿಯ ಹಾಗೆ ಜೋಪಾನ ಮಾಡಿಕೊಂಡು ಬಂದವಳು. ಆತ ಚಳ್ಳಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವನು.

ನಮ್ಮದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಒಂದು ಬೇಸಿಗೆಯಲ್ಲಿ ನನಗೊಂದು ಕ್ಯಾಮೆರಾ ತಂದುಕೊಟ್ಟ. ಕಂಪಾಸ್ ಬಾಕ್ಸಿಗಿಂತ ಚಿಕ್ಕದು, ಜೇಬಿನಲ್ಲಿ ಹಿಡಿಸುತ್ತಿತ್ತು. ಅದರ ರೀಲು ಇನ್ನೂ ವಿಚಿತ್ರ. ಎರಡು ಕಡೆ ಉಬ್ಬಿ ನಡು ಸಣ್ಣಗಾದ ಪ್ಲಾಸ್ಟಿಕ್ ಡಬ್ಬಿ, ಥೇಟ್ ಎರಡು ಕಾಳಿನ ಶೇಂಗಾ. ಒಳಗೆ ಬೆರಳಗಲದ ಫಿಲ್ಮು, ಹನ್ನೆರಡು ಫೋಟೋ. ಮೇಕೆಗೆ, ಅಕ್ಕನಿಗೆ, ಬೀದಿಗೆ ಆರು ಖರ್ಚು ಮಾಡಿದ ಮೇಲೆ ಏಳನೆಯದನ್ನು ಅವ್ವನಿಗೆ ತೆಗೆದೆ.

ಅವ್ವನಿಗೆ ಮುಂದಿನ ಹಲ್ಲೊಂದು ಮುರಿದಿತ್ತು. ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಮಗ್ಗದ ಕುಣಿಯಲ್ಲಿ ಕೂತಾಗ ಮಾತ್ರ ಅವಳ ಕೈ ಖಾಲಿ ಇರುತ್ತಿರಲಿಲ್ಲ, ಒಂದರಲ್ಲಿ ಲಾಳಿ, ಇನ್ನೊಂದು ಹಲಗೆಯ ಮೇಲೆ. ಆ ಹೊತ್ತನ್ನೇ ಕಾದು ನಾನು ಅಕ್ಕನ ನಡಿಗೆಯನ್ನು ಅಣಕಿಸಿದೆ. ಅವ್ವ ಬಾಯ್ತುಂಬ ನಕ್ಕಳು, ಮುಚ್ಚಿಕೊಳ್ಳಲಾಗಲಿಲ್ಲ. ನಕ್ಕಾಗ ಅವಳಿಗೆ ತೆಲುಗು ಬರುತ್ತಿತ್ತು. ಸಾಕು ಸಾಕೆಂದು “ಚಾಲು, ಚಾಲು” ಎಂದಳು. ಆಮೇಲೆ, “ಎಲ್ಲೇ, ನಾನು ಬಂದಿದೀನಾ?” ಎಂದು ಕೇಳಿದಳು.

ನೇಯ್ದ ಸೀರೆಯನ್ನು ಒಪ್ಪಿಸುವಾಗ ಬೇರೆ ಮನೆಯವರದರ ಜೊತೆ ಬೆರೆಯದಿರಲಿ ಎಂದು ಅವ್ವ ಅದರ ಮೂಲೆಗೆ ಹಸಿರು ಕೆಂಪು ಎಳೆ ಹೊಸೆದು ಗಂಟು ಹಾಕುತ್ತಿದ್ದಳು. ಅದೇ ಅಭ್ಯಾಸವಾಗಿ ಮನೆಯಿಂದ ಆಚೆ ಹೋಗುವ ಎಲ್ಲಕ್ಕೂ, ಗಿರಣಿಗೆ ಹೋಗುವ ಹಿಟ್ಟಿನ ಡಬ್ಬಕ್ಕೂ, ಆ ಗಂಟು ಬೀಳುತ್ತಿತ್ತು. ರೀಲಿನ ಸಣ್ಣ ನಡುವಿಗೂ ಕಟ್ಟಿ ನನ್ನನ್ನು ಚಳ್ಳಕೆರೆ ಬಸ್ಸು ಹತ್ತಿಸಿದಳು.

ಸ್ಟುಡಿಯೋದವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೂತಿದ್ದವರಿಗೆಲ್ಲ ತೋರಿಸಿದ. “ಏನ್ರಲೇ ಇದು, ಶೇಂಗಾ ರೀಲು! ಮಿಲ್ಲಿಗೆ ಹಾಕಿದ್ರೆ ಎಣ್ಣೆ ಬಂದೀತು” ಎಂದ. ಎಲ್ಲರೂ ನಕ್ಕರು. ವಾರ ಬಿಟ್ಟು ಹೋದಾಗ ತಲೆ ಎತ್ತದೆ ಹೇಳಿದ: “ರೀಲು ಖಾಲಿ ಬಂದೈತೆ. ಮುಚ್ಚಳ ತೆಗೆದು ಬೆಳಕು ಬಿಟ್ಟಿದೀಯ ನೀನು. ಬಿಸಾಕಿದೆ, ಹೋಗು.”

ನಾನು ಒಂದು ಸಲ ಮುಚ್ಚಳ ತೆಗೆದಿದ್ದು ನಿಜ. ಅದಕ್ಕೇ ಬಾಯಿ ಬಿಡಲಿಲ್ಲ. ಮರುವರ್ಷ ಅವ್ವ ತೀರಿಕೊಂಡಳು. ಮತದಾರರ ಚೀಟಿಯ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದೆವು. ಅದರಲ್ಲಿರುವುದು ಅವ್ವನಲ್ಲ, ಪೊಲೀಸರನ್ನು ಕಂಡು ಬೆದರಿದ ಯಾವಳೋ ಹೆಂಗಸು. ಪ್ರತಿ ವರ್ಷ ಅದಕ್ಕೆ ಹೂವು ಹಾಕುವಾಗ ಅಕ್ಕ ತಪ್ಪದೆ ಅನ್ನುತ್ತಾಳೆ: “ನಗ್ತಿದ್ದ ಅವ್ವ ಒಬ್ಳಿದ್ಲು. ಅವಳನ್ನ ನೀನು ಹಾಳು ಮಾಡಿದೆ.” ಇದನ್ನು ಕೇಳಿಸಿಕೊಂಡೇ ನಾನು ಓದಿದೆ, ಮದುವೆಯಾದೆ, ಚಳ್ಳಕೆರೆಯಲ್ಲಿ ಹೈಸ್ಕೂಲ್ ವಿಜ್ಞಾನದ ಟೀಚರಾದೆ.

ಅಂಥ ಪುಟ್ಟ ಕ್ಯಾಮೆರಾಗಳ ಹುಚ್ಚು ಈಗ ಮತ್ತೆ ಹತ್ತಿದೆ ಎಂದು ತಿಳಿದದ್ದು ಮೊಬೈಲಿನಲ್ಲಿ. ಕಂಪನಿಗಳು ಎಂದೋ ಕೈಬಿಟ್ಟ ರೀಲುಗಳಿಗೆ ಜೀವ ಕೊಡುವ ಜನರ ಗುಂಪೊಂದಿತ್ತು, ಸೇರಿಕೊಂಡೆ. ದೊಡ್ಡ ಫಿಲ್ಮನ್ನು ಕತ್ತಲಲ್ಲಿ ಉದ್ದಕ್ಕೆ ಸೀಳಿ ಹಳೆಯ ಡಬ್ಬಿಗೆ ತುಂಬುವುದನ್ನು ಕಲಿತೆ. ಬಾತ್‌ರೂಮೇ ಡಾರ್ಕ್‌ರೂಮಾಯಿತು. ಸಣ್ಣ ಫಿಲ್ಮು ತೊಳೆಯಲು ಅದನ್ನು ಸುತ್ತುವ ಪ್ಲಾಸ್ಟಿಕ್ ಸುರುಳಿಯೂ ಕಿರಿದಾಗಬೇಕು. ಲೇತ್ ಅಂಗಡಿಯ ಸಾಹೇಬರ ಹತ್ತಿರ ಒಯ್ದೆ. ಒಂದು ಚಹಾ ತಣ್ಣಗಾಗುವಷ್ಟರಲ್ಲಿ ಕತ್ತರಿಸಿಕೊಟ್ಟು, “ಬಸ್, ಇಷ್ಟೇನಾ ಟೀಚರಮ್ಮ?” ಎಂದರು. ಇಷ್ಟೇ ಆಗಿತ್ತು.

ಗುಂಪಿನಲ್ಲೇ ಇನ್ನೊಂದು ವಿಷಯ ತಿಳಿಯಿತು. ಶೇಂಗಾ ರೀಲಿನ ಕ್ಯಾಮೆರಾದ ಮುಚ್ಚಳ ತೆಗೆದರೆ ಕೆಡುವುದು ಡಬ್ಬಿಯ ಕಿಂಡಿಯಲ್ಲಿ ಕಾಣುವ ಒಂದೇ ಫೋಟೋ, ಬಹಳವೆಂದರೆ ಪಕ್ಕದ್ದರ ಅಂಚು. ಉಳಿದವು ಡಬ್ಬಿಯೊಳಗೆ ಸುಖವಾಗಿರುತ್ತವೆ. ಹನ್ನೆರಡಕ್ಕೆ ಹನ್ನೆರಡೂ ಖಾಲಿ ಬರಲು ಸಾಧ್ಯವೇ ಇಲ್ಲ. ಅವನು ಹಸಿ ಸುಳ್ಳು ಹೇಳಿದ್ದ. ಆ ದಿನ ಅಡುಗೆ ಮನೆಯಲ್ಲಿ ನಿಂತು ಅವನ ವಂಶವನ್ನೆಲ್ಲ ಬೈದೆ.

ಹೋದ ವರ್ಷ ಅವನೇ ನನ್ನ ಮನೆ ಬಾಗಿಲಿಗೆ ಬಂದ. ಮುದುಕನಾಗಿದ್ದ, ಕೈಯಲ್ಲಿ ಬಿಸ್ಕೆಟಿನ ತಗಡಿನ ಡಬ್ಬ. ನನ್ನ ಗುರುತು ಸಿಗಲಿಲ್ಲ.

“ನೀವು ಹಳೇ ಡಬ್ಬಿ ರೀಲು ಇಸ್ಕಂತೀರಂತಲ್ಲಮ್ಮಾ. ಅಂಗಡಿ ಖಾಲಿ ಮಾಡುವಾಗ ಸಿಕ್ಕವು.” ಕುರ್ಚಿಯಲ್ಲಿ ಕೂತು ಒಂದನ್ನು ಆರಿಸಿ ಕೊಟ್ಟ. “ಇದೊಂದು ನಂದು. ಜಟಿಂಗ ರಾಮೇಶ್ವರದ ಬೆಟ್ಟ ಹತ್ತುವಾಗ ಯಾರದೋ ಪುಟ್ಟ ಕ್ಯಾಮೆರಾ ಇಸ್ಕಂಡು ನಮ್ಮ ಮನೆಯವ್ರನ್ನ ತೆಗೆದಿದ್ದೆ. ಊರಿಗೆಲ್ಲಾ ಫೋಟೋ ಹೊಡೆದೆ, ಅವ್ರದ್ದು ನೆಟ್ಟಗೆ ಒಂದೂ ಇಲ್ಲ. ಈಗ ಅವ್ರೂ ಇಲ್ಲ.”

“ಆಗ್ಲೇ ಯಾಕೆ ತೊಳೀಲಿಲ್ಲ ಯಜಮಾನ್ರೇ?”

ಅವನು ನಕ್ಕ. “ನಂಗೆಲ್ಲಿ ಬರ್ತಿತ್ತಮ್ಮಾ? ನನ್ನ ಸಾಮಾನಿಗೆ ಇವು ಕೂರ್ತಿರ್ಲಿಲ್ಲ. ಬೆಂಗಳೂರಿಗೆ ಕಳಿಸಿದ್ರೆ ಇವನಿಗೆ ಬರಲ್ಲ ಅಂತ ಊರಲ್ಲಿ ಗೊತ್ತಾಗ್ತಿತ್ತು. ಗಿರಾಕಿಗಳಿಗೆ ಖಾಲಿ ಬಂದೈತೆ, ಬಿಸಾಕಿದೆ ಅಂದು ಈ ಡಬ್ಬಕ್ಕೆ ಹಾಕಿಡ್ತಿದ್ದೆ.”

ಅವನು ಹೋದ ಮೇಲೆ ತಗಡಿನ ಡಬ್ಬವನ್ನು ಚಾಪೆಯ ಮೇಲೆ ಸುರಿದೆ. ಹನ್ನೊಂದು ರೀಲು. ಒಂದರ ನಡುವಿನಲ್ಲಿ ಬಣ್ಣ ಹೋಗಿ ಮಣ್ಣಿನಂತಾದ ಎಳೆ, ಗಂಟಿನ ಒಳಮಗ್ಗುಲಲ್ಲಿ ಮಾತ್ರ ಇನ್ನೂ ಹಸಿರು ಕೆಂಪು. ಅದನ್ನು ಎದೆಗೆ ಒತ್ತಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ.

ನನ್ನದನ್ನು ಮೊದಲು ಮುಟ್ಟಲು ಧೈರ್ಯವಾಗಲಿಲ್ಲ. ಎರಡೂ ಒಂದೇ ಡಬ್ಬದಲ್ಲಿ ಒಂದೇ ಸೆಕೆ ತಿಂದವು. ಔಷಧಿ ಎಷ್ಟು ಹೊತ್ತು ಬೇಕೆಂದು ನೋಡಲು ಅವನದನ್ನು ಪ್ರಯೋಗಕ್ಕೆ ಹಾಕಿದೆ. ಬಂದಿತು. ಮಸುಕಾಗಿ, ಆದರೆ ಬಂದಿತು. ಬೆಟ್ಟದ ಮೆಟ್ಟಿಲ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತಾ ನಗುತ್ತಿದ್ದ ಹೆಂಗಸು. ಅವನ ಹೆಂಡತಿ ನಗಬಹುದು, ನನ್ನ ಅವ್ವ ನಗಬಾರದು.

ಎರಡು ದಿನ ಬಿಟ್ಟು ಅವನು ಬಂದ. ಕ್ಲೀನಾದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದಿದ್ದ. ನಾನು ಕುಡಿಯಲು ನೀರು ಕೊಟ್ಟು ತಲೆ ಎತ್ತದೆ ಹೇಳಿದೆ: “ರೀಲು ಖಾಲಿ ಬಂದೈತ್ರಿ. ಮುಚ್ಚಳ ತೆಗೆದು ಬೆಳಕು ಬಿಟ್ಟಿದೀರಾ ನೀವು.”

ಅವನಿಗೆ ತನ್ನದೇ ಮಾತು ಎಂದು ಹೊಳೆಯಲಿಲ್ಲ. ಎಷ್ಟು ಜನರಿಗೆ ಹೇಳಿದ್ದನೋ. ಲೋಟ ಕೆಳಗಿಟ್ಟ. “ಇರ್ಬೋದಮ್ಮಾ, ನಾನೇ ಬಿಟ್ಟಿರ್ಬೇಕು. ನಂದೇ ತಪ್ಪು” ಎಂದ. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ. ನನಗೆ ಸಂತೋಷವಾಯಿತು. ಸುಳ್ಳೇಕೆ, ಹಬ್ಬದೂಟ ಉಂಡಷ್ಟು ಸಂತೋಷವಾಯಿತು.

ಅದೇ ಹುಮ್ಮಸ್ಸಿನಲ್ಲಿ ಮರುದಿನ ನನ್ನ ರೀಲು ತೊಳೆದೆ. ಗಂಟು ಬಿಚ್ಚಲಿಲ್ಲ, ಜಾರಿಸಿ ತೆಗೆದೆ. ಅಕ್ಕನಿಗೂ ಫೋನು ಮಾಡಿ ಹೇಳಿದ್ದೆ. ತೇವದ ಫಿಲ್ಮನ್ನು ಕಿಟಕಿಗೆ ಹಿಡಿದು ಎಣಿಸಿದೆ. ಮೇಕೆ ಬಂದಿತ್ತು, ಅಕ್ಕ ಬಂದಿದ್ದಳು, ಬೀದಿಯ ನಲ್ಲಿ ಬಂದಿತ್ತು. ಎಂಟರಿಂದ ಹನ್ನೆರಡರವರೆಗೂ ಬಂದಿದ್ದವು. ಏಳನೆಯದು ಕಾಡಿಗೆ ಬಳಿದಂತೆ ಪೂರಾ ಕಪ್ಪಗಿತ್ತು. ಬೆಳಕು ಬಿದ್ದ ಫಿಲ್ಮು ಹಾಗೇ ಕಪ್ಪಾಗುವುದು, ನಾನೇ ಹೊಸಬರಿಗೆ ಹೇಳಿಕೊಡುವ ಪಾಠ ಅದು.

ಆಗ ನೆನಪಾಯಿತು. ಮರೆತಿರಲಿಲ್ಲ ಅನ್ನಿ, ನೆನಪಿಗೆ ಬರಲು ಬಿಟ್ಟಿರಲಿಲ್ಲ. ಎಲ್ಲೇ, ನಾನು ಬಂದಿದೀನಾ ಎಂದು ಅವ್ವ ಕೇಳಿದಳಲ್ಲ, ಅವಳಿಗೆ ತೋರಿಸೋಣವೆಂದೇ ನಾನು ಅಲ್ಲೇ, ಮಗ್ಗದ ಪಕ್ಕದಲ್ಲೇ, ಮುಚ್ಚಳ ತೆಗೆದಿದ್ದೆ. ಇಬ್ಬರೂ ಆ ಕಿಂಡಿಯೊಳಗೆ ಬಗ್ಗಿ ನೋಡಿದ್ದೆವು.

ಫಿಲ್ಮು ಇನ್ನೂ ಒಣಗಿರಲಿಲ್ಲ, ಅಕ್ಕನ ಫೋನು ಬಂತು. “ಅವ್ವ ಬಂದ್ಲಾ?”

“ಇಲ್ಲ ಕಣಕ್ಕ” ಎಂದೆ. “ಉಳಿದವೆಲ್ಲಾ ಬಂದವೆ. ಅದೊಂದನ್ನ ಆ ಸ್ಟುಡಿಯೋದವನು ಹಾಳು ಮಾಡಿದಾನೆ.”

ಆ ಕಡೆ ಅಕ್ಕ ಅಳತೊಡಗಿದಳು. “ಅವನ ಕೈ ಸೇದಿ ಹೋಗ. ಇಷ್ಟು ವರ್ಷ ನಾನು ಸುಮ್ಸುಮ್ನೆ ನಿನ್ನ ಅಂದೆನಲ್ಲೇ. ನಿಂದೇನೂ ತಪ್ಪಿರ್ಲಿಲ್ಲ.”

ನಾನು ಹದಿಮೂರನೆಯ ವಯಸ್ಸಿನಿಂದ ಕಾದಿದ್ದು ಆ ಒಂದು ಮಾತಿಗೆ. ಇನ್ನೊಂದು ಸಲ ಹೇಳು ಎಂದೆ. ಅಕ್ಕ ಹೇಳಿದಳು.