ಮಿಸ್ಸಿಗೆ ಉಳಿದ ನಾಲ್ಕು ಪದ

ಮೊನ್ನೆ ವಿಜಯನಗರದಲ್ಲಿ ಬಸ್ಸು ಹತ್ತಿದಾಗ ಪಕ್ಕದ ಸೀಟಿನ ಅಜ್ಜಿಯಿಂದ ನೋವಿನ ಎಣ್ಣೆಯ ವಾಸನೆ ಬಂತು. ನಮ್ಮ ಇಂಗ್ಲಿಷ್ ಮಿಸ್ಸಿನ ಕೋಣೆ ಕೊನೆಯ ವರ್ಷವೆಲ್ಲ ಇದೇ ವಾಸನೆ ಹೊಡೀತಿತ್ತು...

ಗೋವಿಂದರಾಜನಗರದಲ್ಲಿ ನಮ್ಮನೆ ಎದುರಿಗೇ ಅವರ ಮನೆ. ಸಂಜೆ ಟ್ಯೂಷನ್ ಹೇಳ್ತಿದ್ರು. ಗ್ರಾಮರ್ ತಪ್ಪಾದ್ರೆ ಹೋಗ್ಲಿ ಅಂತ ಬಿಡ್ತಿದ್ರು, ನುಡಿಗಟ್ಟನ್ನ ತಪ್ಪು ಜಾಗದಲ್ಲಿ ಬಳಸಿದ್ರೆ ಮಾತ್ರ ಬಿಡ್ತಿರಲಿಲ್ಲ. ‘ಸೋ ಫಾರ್ ಸೋ ಗುಡ್’ ಅಂದ್ರೆ ಇಲ್ಲೀತನಕ ಎಲ್ಲ ಸರಿಯಾಗಿದೆ ಅಂತ, ಇನ್ನೂ ನಡೀತಿರೋ ಕೆಲಸಕ್ಕಷ್ಟೇ ಅದನ್ನ ಹೇಳಬೇಕು ಅಂತ ಕಲಿಸಿದ್ರು. ನಾನೋ ಮಹಾ ಜಾಣೆ, ಪರೀಕ್ಷೆ ಮುಗೀತು, ಸೋ ಫಾರ್ ಸೋ ಗುಡ್ ಅಂತ ಬರೆದಿಟ್ಟೆ. ಇಪ್ಪತ್ತು ಸಲ ತಿದ್ದಿ ಬರೆಸಿದ್ರು. ಕೈ ನೋವಿಗೆ ಮನಸ್ಸಲ್ಲೇ ಅವರನ್ನ ಚೆನ್ನಾಗಿ ಬೈದುಕೊಂಡಿದ್ದೆ.

ನಾನು ಮದುವೆಯಾಗಿ ನಾಗರಬಾವಿಗೆ ಬಂದ ಎಷ್ಟೋ ವರ್ಷದ ಮೇಲೆ ಮಿಸ್ಸಿಗೆ ಸ್ಟ್ರೋಕ್ ಆಯ್ತು. ಬಲಗೈ ಬಿದ್ದುಹೋಯ್ತು. ಅಷ್ಟೊಂದು ಕನ್ನಡ, ಅಷ್ಟೊಂದು ಇಂಗ್ಲಿಷ್, ಎಲ್ಲ ಹೋಗಿ ಆ ನಾಲ್ಕೇ ಪದ ಉಳೀತು. ನೀರು ಬೇಕಾದ್ರೂ ಸೋ ಫಾರ್ ಸೋ ಗುಡ್, ಬೆನ್ನು ನೋವಾದ್ರೂ ಅದೇ. ನೋಡಿಕೊಳ್ತಿದ್ದ ಅವರಕ್ಕ ಊಹೆ ಮಾಡಿ ಮಾಡಿ ಸಾಕಾಗಿ, ಅಡುಗೆಮನೆಗೆ ಹೋಗಿ ಅಳ್ತಿದ್ರು. ತಪ್ಪು ಜಾಗದಲ್ಲಿ ಹೇಳ್ತಿದೀನಿ ಅಂತ ಮಿಸ್ಸಿಗೇ ಗೊತ್ತಾಗ್ತಿತ್ತು. ಹೇಳಿದ ತಕ್ಷಣ ಮುಖ ಕಿವುಚಿ ತಲೆ ಆಡಿಸಿಬಿಡ್ತಿದ್ರು. ನನಗೆ ಅದನ್ನ ನೋಡಕ್ಕಾಗ್ತಿರಲಿಲ್ಲ.

ಕೊನೇ ಸಲ ಹೋಗಿದ್ದಾಗ, ಹೊರಡೋಕೆ ಎದ್ದವಳ ವೇಲನ್ನ ಎಡಗೈಲಿ ಹಿಡ್ಕೊಂಡು ಸೋ ಫಾರ್ ಸೋ ಗುಡ್ ಅಂದ್ರು. ನೀರಾ, ಫ್ಯಾನ್ ಹಾಕ್ಲಾ, ದಿಂಬು ಸರಿಮಾಡ್ಲಾ, ಡಾಕ್ಟರಿಗೆ ಫೋನ್ ಮಾಡ್ಲಾ... ಕೇಳಿದ್ದಕ್ಕೆಲ್ಲ ಇಲ್ಲ ಅಂತ ತಲೆ ಆಡಿಸಿದ್ರು. ಮತ್ತೆ ಅದೇ ನಾಲ್ಕು ಪದ, ಈ ಸಲ ಕಣ್ತುಂಬ ನೀರು. ನನಗೂ ಅಳು ಬಂತು. ಸುಳ್ಳು ಯಾಕೆ ಹೇಳ್ಲಿ, ಸಿಟ್ಟೂ ಬಂತು. ಮಗಳ ಸ್ಕೂಲ್ ಬಿಡೋ ಹೊತ್ತಾಗಿತ್ತು.

“ಆಯ್ತು ಮಿಸ್, ನಾಳೆ ಬರ್ತೀನಿ” ಅಂತ ಅವರ ಬೆರಳು ಒಂದೊಂದಾಗಿ ಬಿಡಿಸಿದೆ.

ಮಾರನೇ ದಿನ ನಾನು ಹೊರಡೋ ಮೊದಲೇ ಅವರಕ್ಕನ ಫೋನ್ ಬಂತು, ಬೆಳಗ್ಗೆ ಹೋಗಿಬಿಟ್ಟಳು ಅಂತ.

ಆರು ವರ್ಷ ಆಯ್ತು. ಅವರಿಗೆ ಏನು ಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ, ಇನ್ನು ಗೊತ್ತಾಗೋದೂ ಇಲ್ಲ. ಅಷ್ಟೆಲ್ಲ ಕೇಳಿದವಳು, “ಇನ್ನೊಂಚೂರು ಹೊತ್ತು ಕೂತ್ಕೊಳ್ಳಾ ಮಿಸ್?” ಅಂತ ಒಂದನ್ನ ಮಾತ್ರ ಕೇಳಿರಲಿಲ್ಲ.